ಬೊಳ್ಳಮ್ಮತ್ತೆ ಬಾಯಿಬಿಡದ ಪದ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ನೆಟ್‌ವರ್ಕ್ ಇಲ್ಲ. ಹಿರಿಯರು ಹೀಗೆ ಹೇಳಿಲ್ಲ ಎಂದು ನೀವು ತಕರಾರು ತೆಗೆಯಬಹುದು. ನಮ್ಮೂರಿನ ಹಿರಿಯರಾಗಿದ್ದರೆ ಹೀಗೇ ಹೇಳುತ್ತಿದ್ದರು. ಈ ಗಾದೆಗೆ ಆಧಾರವಾಗಿ ನಾನು ಹೇಳಹೊರಟಿರುವುದು ನಡೆದ ಕತೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ಅದು ಟಿ.ವಿ.ಯವರು ಹೇಳಿದ್ದು.

ಚೇರಂಬಾಣೆ ದಾಟಿ ಭಾಗಮಂಡಲದ ಕಡೆ ಹೋಗುವಾಗ ಎಡಕ್ಕೆ ಇಳಿಯುವ ಮಣ್ಣು ರಸ್ತೆಯ ಕೊನೆಗೆ ನಮ್ಮ ಮನೆಗಳಿವೆ. ತಗ್ಗಿನಲ್ಲಿರುವುದರಿಂದ ನಾವು ತಗ್ಗಿ ಬಗ್ಗಿ ನಡೆಯುವ ಜನ. ಮೊಬೈಲಿನ ಗೋಪುರಕ್ಕೆ ನಾವು ಕಾಣುವುದಿಲ್ಲ. ಸಿಗ್ನಲ್ ಬೇಕಾದರೆ ತೋಟದ ನೆತ್ತಿಯಲ್ಲಿರುವ ನೀರಿನ ಟ್ಯಾಂಕಿನವರೆಗೆ ಹತ್ತಬೇಕು. ಮದುವೆ ಮಾತುಕತೆ, ಬಿ.ಎ. ಫಲಿತಾಂಶ, ಸಾವಿನ ಸುದ್ದಿ ಎಲ್ಲವೂ ನಮಗೆ ಆ ಟ್ಯಾಂಕಿನ ಬುಡದಲ್ಲೇ ಮುಟ್ಟಿವೆ.

ನನ್ನ ಸೋದರಮಾವ ಮೊಣ್ಣಪ್ಪ, ಅವರ ಹೆಂಡತಿ ಬೊಳ್ಳಮ್ಮತ್ತೆ. ಅತ್ತೆ ಒಂದು ಕಾಲದಲ್ಲಿ ವಿರಾಜಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕುಟ್ಟ ಊರಿನವರನ್ನು ಸೋಮವಾರಪೇಟೆಯವರಿಗೆ ಜೋಡಿಸಿ, "ಲೈನಲ್ಲಿರಿ" ಎನ್ನುತ್ತಲೇ ತಲೆಗೂದಲು ಬಿಳಿ ಮಾಡಿಕೊಂಡವರು. ಮೂವತ್ತು ವರ್ಷದಲ್ಲಿ ಒಬ್ಬರ ಮಾತನ್ನೂ ಅರ್ಧಕ್ಕೆ ಕಡಿದಿಲ್ಲ ಎಂಬುದು ಅವರ ಹೆಮ್ಮೆ. ಊರಲ್ಲಿ ಎಲ್ಲರೂ ಲ್ಯಾಂಡ್‌ಲೈನ್ ಕಿತ್ತೆಸೆದರೂ ಅವರ ಮನೆಯ ಕಿಟಕಿಯ ಪಕ್ಕದಲ್ಲಿ ಕರಿಯ ಫೋನೊಂದು ಕಸೂತಿ ಬಟ್ಟೆ ಹೊದ್ದು ಕೂತಿದೆ. ನಾನು ಪಕ್ಕದ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕತೆ ಬರೆಯುವವನಲ್ಲ, ಕಾಫಿ ಪಿಕ್ಕಿಂಗಿಗೆ ಬಂದವರ ಹಾಜರಿ ಬರೆಯುವವನು. ಉಳಿದ ಹೊತ್ತು ಮಿಮಿಕ್ರಿ. ಮ್ಯಾನೇಜರ ಕೆಮ್ಮಿನಿಂದ ಹಿಡಿದು ಬಸ್ಸಿನ ಏರ್ ಬ್ರೇಕಿನವರೆಗೆ ನನ್ನ ಗಂಟಲಲ್ಲಿ ಇಲ್ಲದ ಸದ್ದಿಲ್ಲ. "ನಿನ್ನ ಬಾಯಿಗೊಂದು ಸ್ವಿಚ್ ಇಡೊಕು ಮಗ" ಎನ್ನುತ್ತಾರೆ ಮಾವ.

ಕಳೆದ ವರ್ಷದ ಜನವರಿಯಲ್ಲಿ ಟಿ.ವಿ.ಯಲ್ಲಿ 'ಏಳಕ್ಷರ' ಶುರುವಾಯಿತು. ದಿನಾ ಸಂಜೆ ಆರಕ್ಕೆ ಅರ್ಧ ಗಂಟೆ. ಹಲಗೆಯ ಮೇಲೆ ಕಲಸಿಟ್ಟ ಏಳು ಅಕ್ಷರ. ಅವುಗಳಿಂದ ಯಾರು ಉದ್ದದ ಪದ ಕಟ್ಟುತ್ತಾರೋ ಅವರು ಗೆದ್ದರು. ಏಳನ್ನೂ ಬಳಸಿದರೆ ಗಂಟೆ ಹೊಡೆಯುತ್ತಾರೆ. ಅಷ್ಟೇ ಆಟ. ಒಂದು ಮೂಲೆಯಲ್ಲಿ ಕನ್ನಡಕದ ಮುದುಕರೊಬ್ಬರು ಮೊಣಕಾಲ ಮೇಲೆ ನಿಘಂಟು ಇಟ್ಟುಕೊಂಡು ಕೂತಿರುತ್ತಿದ್ದರು. ಅವರು ಹೂಂ ಅಂದರೆ ಪದ, ಉಹೂಂ ಅಂದರೆ ಇಲ್ಲ. ನಾವೆಲ್ಲ ಅತ್ತೆಯ ಮನೆಯ ಹಾಲಿನಲ್ಲಿ ಸೇರುತ್ತಿದ್ದೆವು: ಅತ್ತೆ, ಮಾವ, ಕಾಲೇಜಿಗೆ ಹೋಗುವ ನನ್ನ ತಂಗಿ ದಿವ್ಯ, ನಾನು. ಏಳಕ್ಷರಕ್ಕೆ ಕೂತವರು ಏಳುತ್ತಿರಲಿಲ್ಲ. ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ನಮ್ಮಲ್ಲಿ ಮೊದಲು ಪದ ಹಿಡಿಯುತ್ತಿದ್ದವರು ಯಾವಾಗಲೂ ಅತ್ತೆ.

ಆ ಮೂರು ತಿಂಗಳನ್ನು ನೆನೆದರೆ ಈಗಲೂ ಮನಸ್ಸಿಗೆ ಹಿತ. ಆಮೇಲಿನದನ್ನು ನೆನೆದರೆ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಯುಗಾದಿಗೆ ನಿಘಂಟಿನ ಮುದುಕರನ್ನು ಕಳಿಸಿದರು. ಅವರ ಕುರ್ಚಿಯಲ್ಲಿ ಒಬ್ಬ ನಟಿ ಬಂದು ಕೂತಳು. ಆಕೆ ಪ್ರತಿ ಪದಕ್ಕೂ ಕೆನ್ನೆಗೆ ಕೈ ಇಟ್ಟು "ಸೋ ಸ್ವೀಟ್" ಎನ್ನುತ್ತಿದ್ದಳು. 'ಹೆಣ' ಎಂಬ ಪದಕ್ಕೂ ಅಂದಳು. ಅದೇ ವಾರ ನಿರೂಪಕನೂ ಬದಲಾದ. ಹೊಸಬನ ಹೆಸರು ಮಂಜೇಶ್. ಅಕ್ಷರದ ಆಟ ನಡೆಸುವವನಿಗೆ ಅಕಾರ ಹಕಾರಗಳ ನಡುವೆ ಬೇಲಿಯೇ ಇರಲಿಲ್ಲ. 'ಹಕ್ಷರ' ಎನ್ನುತ್ತಿದ್ದ, 'ಅಣ್ಣು ತಿನ್ನಿ' ಎನ್ನುತ್ತಿದ್ದ. ಎಡಗೈಯನ್ನು ಭತ್ತ ಬಿತ್ತುವವನ ಹಾಗೆ ಬೀಸಿ, ಹೊಟ್ಟೆಯಿಂದ ಉಸಿರೆಳೆದು, "ಅಯ್ಯಯ್ಯಯ್ಯಯ್ಯೋ" ಎಂದ ಮೇಲೇ ಅವನಿಗೆ ಮುಂದಿನ ಮಾತು. ನನಗೆ ಅವನನ್ನು ಕಂಡರೆ ಹೇಸಿಗೆ. ಹೇಸಿಗೆ ಪಡುತ್ತಲೇ ಎರಡು ದಿನದಲ್ಲಿ ಅವನ ದನಿಯನ್ನು ಕಲಿತೆ. ಕೈ ಬೀಸದಿದ್ದರೆ ಮಾತ್ರ ಆ ದನಿ ನನ್ನ ಗಂಟಲಿಗೆ ಬರುತ್ತಿರಲಿಲ್ಲ. ಇದನ್ನು ನೆನಪಿಡಿ.

ಆಮೇಲೆ ಸ್ಪರ್ಧಿಗಳು ಅಳುವುದಕ್ಕೆ ಶುರುವಿಟ್ಟರು. ಮೊದಲು ಪಿಟೀಲು, ಆಮೇಲೆ ಅವರ ಕಷ್ಟ, ಆಮೇಲೆ ಜಾಹೀರಾತು, ಸಮಯ ಮಿಕ್ಕರೆ ಒಂದು ಪದ. ಅಕ್ಷರದ ಬಿಲ್ಲೆಗಳನ್ನು ತಲೆಗೆಣ್ಣೆಯ ಬಾಟಲಿಯ ಆಕಾರಕ್ಕೆ ತಂದರು. ಬಾಟಲಿಯೊಳಗೆ ಒತ್ತಕ್ಷರ ಹಿಡಿಸುವುದಿಲ್ಲ ಎಂದು ಒತ್ತಕ್ಷರವನ್ನೇ ಆಟದಿಂದ ತೆಗೆದರು. ಕನ್ನಡದಲ್ಲಿ ಒತ್ತಿಲ್ಲದೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ತಬ್ಬಲಿ ಎನ್ನೋಣವೆಂದರೆ ಅದಕ್ಕೂ ಒತ್ತು ಬೇಕು. ನಾನು ಚಾನೆಲ್ಲಿಗೆ ಏಳು ಕಾರ್ಡು ಬರೆದೆ. ಉತ್ತರವಾಗಿ ಅದೇ ಎಣ್ಣೆಯ ಒಂದು ಸ್ಯಾಶೆ ಬಂತು.

ಜುಲೈಯಲ್ಲಿ 'ಮನೆಯಿಂದ ಏಳಕ್ಷರ' ಎಂಬ ಹೊಸ ಸುತ್ತು ಬಂತು. ಬೆಳಿಗ್ಗೆ ಮೊಬೈಲಿನಿಂದ ಮೆಸೇಜು ಕಳಿಸಬೇಕು. ಸಂಜೆ ಆಟದ ನಡುವೆ ಒಬ್ಬರ ಆ ಮೊಬೈಲಿಗೆ ಅವರೇ ಕರೆ ಮಾಡುತ್ತಾರೆ. ಪರದೆಯ ಮೇಲೆ ಅಕ್ಷರಗಳು ಬಂದ ಮೇಲೆ ಹತ್ತು ಎಣಿಸುವಷ್ಟರಲ್ಲಿ ಪದ ಹೇಳಬೇಕು. ಅತ್ತೆಗೆ ಆಸೆ ಹುಟ್ಟಿತು. ಜೀವನವಿಡೀ ಬೇರೆಯವರ ಮಾತು ದಾಟಿಸಿದ ಹೆಂಗಸು. ಒಮ್ಮೆ ತನ್ನ ಮಾತೊಂದು ನಾಡಿಗೆಲ್ಲ ಕೇಳಲಿ ಎಂದರು. ನಾವು ನನ್ನ ಮೊಬೈಲಿನಿಂದ ಮೆಸೇಜು ಕಳಿಸತೊಡಗಿದೆವು.

ತೊಡಕು ಒಂದೇ. ಟಿ.ವಿ. ಇದ್ದದ್ದು ತಗ್ಗಿನ ಮನೆಯಲ್ಲಿ, ಮೊಬೈಲಿಗೆ ಜೀವ ಬರುತ್ತಿದ್ದದ್ದು ನೆತ್ತಿಯ ಟ್ಯಾಂಕಿನ ಬುಡದಲ್ಲಿ. ಮಂಜೇಶ್ ಅಕ್ಷರಗಳನ್ನು ತೋರಿಸುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಓದಲು ಬರುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಹಾಗಾಗಿ ಅಕ್ಷರಗಳನ್ನು ನಾವೇ ಗುಡ್ಡ ಹತ್ತಿಸಬೇಕಾಯಿತು. ನಮ್ಮ ಕಡೆ ಆಚೆ ಗುಡ್ಡದವರನ್ನು ಈಚೆ ಗುಡ್ಡದಿಂದ ಕೂ ಹಾಕಿ ಕರೆಯುವುದು ಹೊಸತಲ್ಲ. ದಿವ್ಯ ಟಿ.ವಿ. ಮುಂದೆ ಕೂತು ಕಿಟಕಿಯಿಂದ ಅಕ್ಷರ ಕೂಗುವುದು. ಕಾಫಿ ಒಣಗಿಸುವ ಕಣದಲ್ಲಿ ನಿಂತ ಮೊಣ್ಣಪ್ಪ ಮಾವ ಅದನ್ನು ಹಿಡಿದು ಮೇಲಕ್ಕೆ ಕೂಗುವುದು. ಅರ್ಧ ದಾರಿಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಬಳಿ ನಾನು ಹಿಡಿದು ಟ್ಯಾಂಕಿಗೆ ಕೂಗುವುದು. ಟ್ಯಾಂಕಿನ ಬುಡದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲು ಹಿಡಿದ ಅತ್ತೆ. ಮಾವನ ಗಂಟಲು ಗುಂಡು ಹೊಡೆದ ಹಾಗೆ: 'ಮ' ಎಂದರೆ 'ಮ', ಮುಗಿಯಿತು. ನಾನು ಹಾಗಲ್ಲ. ಬರೀ ಅಕ್ಷರ ಕೂಗುವುದು ಕಲಾವಿದನಿಗೆ ಅವಮಾನ. ನಾನು ಕೈ ಬೀಸಿ, ಮಂಜೇಶನ ದನಿಯಲ್ಲೇ ದಾಟಿಸುತ್ತಿದ್ದೆ. ಮಳೆಯಲ್ಲಿ ಎಲ್ಲರಿಗೂ ಒಂದಿಷ್ಟು ನಗು ಬೇಡವೇ.

ದಿನಾ ಸಂಜೆ ಹೀಗೆ ನಿಂತೆವು. ಮೊಬೈಲು ಬಡಿದುಕೊಳ್ಳಲಿಲ್ಲ. ಅತ್ತೆಯ ಕಾಲನ್ನು ಜಿಗಣೆ ಹಿಡಿಯುತ್ತಿತ್ತು, ಟಿ.ವಿ.ಯನ್ನು ಎಣ್ಣೆ ಹಿಡಿದಿತ್ತು. ನಲವತ್ತು ದಿನ ಕಳೆದ ಮೇಲೆ, ಆಗಸ್ಟಿನ ಒಂದು ಸಂಜೆ, ಮಳೆ ತುಸು ಬಿಟ್ಟಿದ್ದಾಗ ಟ್ಯಾಂಕಿನ ಕಡೆಯಿಂದ ಅತ್ತೆಯ ಕೂ ಕೇಳಿತು. ಕರೆ ಬಂದಿತ್ತು.

ಮುಂದಿನದು ನನಗೆ ದಿವ್ಯ ಆಮೇಲೆ ಹೇಳಿದ್ದು. ಪರದೆಯ ಮೇಲೆ ಏಳು ಬಾಟಲಿಗಳು ಬಂದವು. ಅವಳು ಕೂಗಿದಳು, ಮಾವ ಕೂಗಿದರು, ನಾನು ಕೂಗಿದೆ. ಮಂಜೇಶ್ ಹತ್ತರಿಂದ ಹಿಂದಕ್ಕೆ ಎಣಿಸುತ್ತಿದ್ದ. ಮೂರು ಎನ್ನುವಾಗ ಅತ್ತೆಯ ದನಿ ಟಿ.ವಿ.ಯಲ್ಲಿ ಕೇಳಿತು, ಎಕ್ಸ್‌ಚೇಂಜಿನ ದನಿ, ಸ್ವಲ್ಪವೂ ನಡುಕವಿಲ್ಲ: "ಸಿಕ್ಕಿತು ಸಾರ್. ಏಳೂ ಸಿಕ್ಕಿತು."

"ಅಯ್ಯಯ್ಯಯ್ಯಯ್ಯೋ. ಏಳೂ ಹಕ್ಷರ. ಹಮ್ಮಾ, ಆ ಪದ ಯಾವುದು ಅಂತ ಕೇಳೋಣ, ಒಂದು ಚಿಕ್ಕ ವಿರಾಮದ ನಂತರ."

ಎಣ್ಣೆ ಬಂತು, ಸಾಬೂನು ಬಂತು, ಚಿನ್ನ ಬಂತು. ವಿರಾಮ ಮುಗಿದಾಗ ವೇದಿಕೆಯ ಮೇಲೆ ಯಾವುದೋ ಸಿನಿಮಾದ ತಂಡ ಕುಣಿಯುತ್ತಿತ್ತು. ಕುಣಿತ ಮುಗಿಯಿತು, ಕಾರ್ಯಕ್ರಮವೂ ಮುಗಿಯಿತು. ಅತ್ತೆಯ ಹೆಸರೆತ್ತಿದವರಿಲ್ಲ, ಹಲಗೆಯ ಮೇಲಿನ ಪದ ಯಾವುದೆಂದು ಹೇಳಿದವರೂ ಇಲ್ಲ. ಥೂ. ನಾನು ಟ್ಯಾಂಕಿಗೆ ಹತ್ತಿ ಹೋದಾಗ ಅತ್ತೆ ಮೊಬೈಲನ್ನು ಕಿವಿಗೊತ್ತಿಕೊಂಡೇ ನಿಂತಿದ್ದರು. ಲೈನು ಎಂದೋ ಸತ್ತಿತ್ತು. ಸತ್ತ ಲೈನಿನ ಸದ್ದು ಯಾವುದೆಂದು ಜಿಲ್ಲೆಯಲ್ಲಿ ಅವರಷ್ಟು ಬಲ್ಲವರಿಲ್ಲ. ಆದರೂ ಅರ್ಧ ಗಂಟೆ ಹಾಗೇ ನಿಂತಿದ್ದರು.

ಪದ ಯಾವುದು ಎಂದು ಇಳಿಯುವ ದಾರಿಯುದ್ದಕ್ಕೂ ಕೇಳಿದೆ. ಕಣದಲ್ಲಿ ಮಾವ ಕೇಳಿದರು. ಬಾಗಿಲಲ್ಲಿ ದಿವ್ಯ ಕೇಳಿದಳು. ಅತ್ತೆ ಕಾಲು ತೊಳೆದು, ಜಿಗಣೆಗೆ ಸುಣ್ಣ ಹಚ್ಚಿ, ಒಂದೇ ಮಾತು ಹೇಳಿದರು.

"ಪದ ನನ್ನ ಹತ್ರ ಉಟ್ಟು. ಆ ಮಂಜೇಶ್ ಕೇಳ್ರೆ ಅವಂಗೆ ಹೇಳ್ನೆ. ಬೇರೆ ಯಾರಿಗೂ ಇಲ್ಲೆ."

ಮರುದಿನ ಟಿ.ವಿ.ಯ ಮೇಲೆ ಹಳೆಯ ಬೆಡ್‌ಶೀಟು ಬಿತ್ತು. ಸಂಜೆ ಆರಕ್ಕೆ ಅತ್ತೆಯ ಹಾಲಿಗೆ ಹೋದರೆ ನಾಲ್ಕು ಜನ ಬೆಡ್‌ಶೀಟಿನ ಹೂವು ನೋಡುತ್ತ ಕೂರಬೇಕಾಯಿತು. ಒಂದು ವಾರದಲ್ಲಿ ಕೂರುವುದೂ ನಿಂತಿತು. ಅತ್ತೆ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಊಟಕ್ಕೆ ಕರೆಯುವುದೂ ತಂತಿ ಕಳಿಸಿದ ಹಾಗೆ, ಎರಡು ಪದದಲ್ಲಿ. ನಾನು ಆ ಏಳು ಅಕ್ಷರಗಳನ್ನು ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ: ಬ, ಗು, ಣೆ, ತ, ಲಿ, ಸು, ಮ. ನಿಘಂಟು ತಂದು ತಡಕಾಡಿದೆ. ಮಗು ಸಿಕ್ಕಿತು, ಮಣೆ ಸಿಕ್ಕಿತು, ಬಲಿ ಸಿಕ್ಕಿತು. ಮೂರನ್ನೂ ಒಟ್ಟಿಗೆ ಓದಿದರೆ ಅದು ಪದವಲ್ಲ, ಪೊಲೀಸ್ ಕೇಸು. ಏಳೂ ಹೊಂದುವ ಪದ ನನಗೆ ಸಿಗಲೇ ಇಲ್ಲ. ಸಿಗದಷ್ಟೂ ಅತ್ತೆಯ ಮೇಲಿನ ಗೌರವ ಬೆಳೆಯಿತು, ಮಂಜೇಶನ ಮೇಲಿನ ರೋಷವೂ ಬೆಳೆಯಿತು. ನಾಡಿಗೆ ಗೊತ್ತಿಲ್ಲದ ಒಂದು ಪದವನ್ನು ಅವನು ಸಾಬೂನಿಗೋಸ್ಕರ ನುಂಗಿಬಿಟ್ಟ ಎಂದು ಸಿಕ್ಕಸಿಕ್ಕವರಲ್ಲಿ ಹೇಳಿದೆ. ಚೇರಂಬಾಣೆಯ ಕ್ಯಾಂಟೀನಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ, ಬ್ಯಾಂಕಿನ ಸಾಲಿನಲ್ಲಿ ಹೇಳಿದೆ. ಅತ್ತೆ ತಗ್ಗಿನ ಮನೆಯಲ್ಲಿದ್ದೇ ದೊಡ್ಡ ಹೆಂಗಸಾದರು.

ಆಟ ನೋಡುವುದನ್ನು ಮಾತ್ರ ನಾನು ಬಿಡಲಿಲ್ಲ. ಕ್ಯಾಂಟೀನಿನ ಟಿ.ವಿ.ಯಲ್ಲಿ ದಿನಾ ನೋಡಿದೆ. ದ್ವೇಷಕ್ಕೂ ಹಾಜರಿ ಬೇಕು. ದಸರೆಗೆ ತಾರೆಯರ ವಾರ ಬಂತು. ಎರಡಕ್ಷರಕ್ಕೆ ಒಬ್ಬನಿಗೆ ಬೈಕು ಕೊಟ್ಟರು. ಸೋತವರು ಕುಣಿಯಬೇಕೆಂಬ ನಿಯಮ ಬಂತು, ಆಮೇಲೆ ಗೆದ್ದವರೂ ಕುಣಿಯಬೇಕೆಂದಾಯಿತು, ಕೊನೆಗೆ ಅಕ್ಷರದ ಹಲಗೆಯನ್ನು ಸರಿಸಿ ಕುಣಿಯಲು ಜಾಗ ಮಾಡಿದರು. ವರ್ಷದ ಕೊನೆಯ ದಿನ ಅಂತಿಮ ಪಂದ್ಯ. ಒಬ್ಬ ಧಾರಾವಾಹಿ ನಟನಿಗೆ ಅಕ್ಷರ ತೋರಿಸಿ ಪದ ಕೇಳಿದರೆ ಅವನು "ಗೊತ್ತಿಲ್ಲ" ಅಂದ. ಮಂಜೇಶ್ ಕೈ ಬೀಸಿ, ಅಯ್ಯಯ್ಯಯ್ಯಯ್ಯೋ, ಮೂರಕ್ಷರ ಎಂದ. ಹಲಗೆಯಲ್ಲಿ ಆ ಮೂರರಲ್ಲಿ ಒಂದೂ ಇರಲಿಲ್ಲ. ನಟನೇ ಗೆದ್ದ. ನಾನು ಕುಡಿಯುತ್ತಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದೆ. ಕಾಫಿ ಬೆಳೆಯುವ ಊರಲ್ಲಿ ಕಾಫಿ ಬಿಟ್ಟು ಏಳುವುದೆಂದರೆ ಎಷ್ಟು ವಾಕರಿಕೆ ಬಂದಿರಬೇಕು ನೋಡಿ.

ದಾರಿಯಲ್ಲಿ ನಡೆಯುವಾಗ ಹೊಳೆಯಿತು. ಆಟವೇ ಮುಗಿದ ಮೇಲೆ ಮಂಜೇಶ್ ಇನ್ನೆಂದೂ ಅತ್ತೆಯನ್ನು ಕೇಳುವುದಿಲ್ಲ. ಅವನು ಕೇಳದಿದ್ದರೆ ಅತ್ತೆ ಹೇಳುವುದಿಲ್ಲ. ಆ ಪದ ಅವರ ಹೊಟ್ಟೆಯಲ್ಲೇ ಉಳಿಯುತ್ತದೆ, ಬೆಡ್‌ಶೀಟು ಟಿ.ವಿ.ಯ ಮೇಲೇ ಉಳಿಯುತ್ತದೆ. ನಿಜವಾದ ಮಂಜೇಶ್ ಕೇಳದಿದ್ದರೆ ಏನಾಯಿತು, ಅವನ ದನಿ ನನ್ನ ಗಂಟಲಲ್ಲೇ ಇತ್ತಲ್ಲ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಕೊಯ್ದ ಕಾಫಿಯನ್ನು ಕಣದಲ್ಲಿ ಹರಡಿದ್ದರು. ಅತ್ತೆ ಫೋನಿನ ಹತ್ತಿರವೇ ಇರುವ ಹಾಗೆ ನೋಡಿಕೋ ಎಂದು ದಿವ್ಯಳಿಗೆ ಹೇಳಿ ನಾನು ಟ್ಯಾಂಕಿಗೆ ಹತ್ತಿದೆ. ಸಿಗ್ನಲ್ ಒಂದು ಕಡ್ಡಿ ಹೆಚ್ಚಿಗೆ ಸಿಗಲಿ ಎಂದು ಟ್ಯಾಂಕಿನ ಮುಚ್ಚಳದ ಮೇಲೆಯೇ ನಿಂತೆ. ಅತ್ತೆಯ ಮನೆಯ ಲ್ಯಾಂಡ್‌ಲೈನಿಗೆ ಕರೆ ಮಾಡಿದೆ. ಉಸಿರೆಳೆದು, ಕೈ ಬೀಸಿ ಶುರು ಮಾಡಿದೆ.

"ಅಯ್ಯಯ್ಯಯ್ಯಯ್ಯೋ. ಬೊಳ್ಳಮ್ಮ ಹಮ್ಮಾ, ನಾನು ಏಳಕ್ಷರದ ಮಂಜೇಶ್. ಹವತ್ತು ನಿಮ್ಮ ಮಾತು ಹರ್ಧಕ್ಕೆ ನಿಂತೋಯ್ತು. ಕ್ಷಮೆ ಕೇಳೋಕೆ ಫೋನ್ ಮಾಡಿದ್ದೀನಿ. ಆ ಪದ ಹೇಳಿ ಹಮ್ಮಾ, ನಾಡೆಲ್ಲ ಕಾಯ್ತಾ ಇದೆ."

ಕಿಟಕಿಯಲ್ಲಿ ಅತ್ತೆಯ ಬಿಳಿ ತಲೆ ಕಾಣುತ್ತಿತ್ತು. ಆಮೇಲೆ ಎಕ್ಸ್‌ಚೇಂಜಿನ ದನಿ ಬಂತು, ನಯವಾಗಿ, ಪುಸ್ತಕದ ಕನ್ನಡದಲ್ಲಿ.

"ಬಹಳ ಸಂತೋಷ ಸಾರ್. ಖಂಡಿತ ಹೇಳುತ್ತೇನೆ. ಒಂದು ಚಿಕ್ಕ ವಿರಾಮದ ನಂತರ. ಲೈನಲ್ಲಿರಿ."

ಫೋನನ್ನು ಪಕ್ಕಕ್ಕಿಟ್ಟ ಸದ್ದಾಯಿತು. ಅತ್ತೆ ಹೊರಗೆ ಬಂದರು. ಮಾವನ ಕೈಯಿಂದ ಹಲುಬೆ ತೆಗೆದುಕೊಂಡು ಕಾಫಿ ಎಳೆಯಲು ನಿಂತರು. ಕಣದ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ನಾನು ಮಂಜೇಶನಾಗಿಯೇ ನಿಂತಿದ್ದೆ. ಕೆಳಗಿಳಿದರೆ ಲೈನು ಹೋಗುತ್ತದೆ, ಲೈನು ಹೋದರೆ ಪದ ಹೋಗುತ್ತದೆ. ಹತ್ತು ನಿಮಿಷವಾಯಿತು. ಬಿಸಿಲಿಗೆ ಮುಚ್ಚಳ ಕಾಯತೊಡಗಿತು, ಕಾಲಿಗೆ ಚಗಳಿ ಇರುವೆ ಹತ್ತಿತು. ಒಂದು ಕಾಲೆತ್ತಿ ಕೊಡವಿದೆ, ಇನ್ನೊಂದನ್ನೆತ್ತಿ ಕೊಡವಿದೆ. ಕುಣಿತದ ಸುತ್ತು ಎಂದರೆ ಇದೇ ಅನ್ನಿಸಿತು. ಅತ್ತೆ ಕೋಳಿಗಳನ್ನು ಓಡಿಸಿದರು, ಮಾವನಿಗೆ ಬೆಲ್ಲದ ಕಾಫಿ ತಂದುಕೊಟ್ಟರು, ತಾವೂ ಕುಡಿದರು. ಇಪ್ಪತ್ತೈದು ನಿಮಿಷದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

"ಇದ್ದೀರಾ ಸಾರ್?"

"ಹಿದ್ದೀನಿ ಹಮ್ಮಾ." ಕೈ ಬೀಸಿದೆ, ಬೀಸದೆ ದನಿ ಬರುತ್ತಿರಲಿಲ್ಲ.

"ನಿಮ್ಮಲ್ಲಿ ಒಂದು ಸತ್ಯ ಹೇಳಬೇಕು. ಆ ದಿನ ನನ್ನ ಹತ್ತಿರ ಪದ ಇರಲಿಲ್ಲ."

ನನ್ನ ಕೈ ಕೆಳಗಿಳಿಯಿತು. ಮಂಜೇಶನ ಕೈಯೂ ಇಳಿಯಿತು.

"ಏಳರಲ್ಲಿ ನನಗೆ ಬಂದು ಮುಟ್ಟಿದ್ದು ನಾಲ್ಕೇ ಅಕ್ಷರ. ಮಿಕ್ಕ ಮೂರು ಬರುವವರೆಗೆ ಲೈನು ಉಳಿಸಿಕೊಳ್ಳಬೇಕಿತ್ತು, ಅದಕ್ಕೆ ಸಿಕ್ಕಿತು ಅಂದೆ. ನೀವು ವಿರಾಮ ಕೊಟ್ಟು ನನ್ನ ಮಾನ ಉಳಿಸಿದಿರಿ. ಆಮೇಲೆ ಪದ ಇಲ್ಲ ಎನ್ನಲು ನಾಚಿಕೆಯಾಯಿತು. ಅಷ್ಟರಲ್ಲಿ ನಮ್ಮ ಸೋದರಳಿಯ ಊರೆಲ್ಲ ಹೇಳಿಕೊಂಡು ಬಂದಿದ್ದ."

ಮೂರಕ್ಷರ ಎಲ್ಲಿ ಉಳಿದವು ಎಂದು ಕೇಳಿದೆ. ಯಾರ ದನಿಯಲ್ಲಿ ಕೇಳಿದೆನೋ ನನಗೇ ಗೊತ್ತಿಲ್ಲ.

"ಪಲ್ಪರ್ ಶೆಡ್ಡಿನ ಹತ್ತಿರ ಸಾರ್. ಅಲ್ಲಿ ಆ ಸೋದರಳಿಯನೇ ನಿಂತಿದ್ದ. ಒಂದಕ್ಷರ ಕೂಗು ಎಂದರೆ ಮೊದಲು ನಿಮ್ಮ ಹಾಗೆ ಅಯ್ಯಯ್ಯಯ್ಯಯ್ಯೋ ಎಂದು ಕೈ ಬೀಸುತ್ತಾನೆ, ಆಮೇಲೆ ಅಕ್ಷರ. ನೀವು ಹತ್ತು ಎಣಿಸುವಾಗ ಅವನು ಐದನೆಯ ಅಯ್ಯಯ್ಯೋದಲ್ಲಿದ್ದ."

ವರ್ಷವಿಡೀ ಮಂಜೇಶನಿಗೆ ಬೈದೆನಲ್ಲ. ಏಳು ಕಾರ್ಡು, ಬಸ್ಸು, ಬ್ಯಾಂಕು, ಬಿಟ್ಟೆದ್ದ ಕಾಫಿ. ಈಗಲೂ ಅವನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅವನು ಅಸಹ್ಯವೇ. ಆದರೆ ಆ ಸಂಜೆ ಅತ್ತೆಯ ಮಾತನ್ನು ಅರ್ಧಕ್ಕೆ ಕಡಿದ ಮಂಜೇಶ್ ಒಬ್ಬನಲ್ಲ, ಇಬ್ಬರು. ಒಬ್ಬನಿಗೆ ಸಂಬಳವಾದರೂ ಇತ್ತು. ಇನ್ನೊಬ್ಬ ಪುಕ್ಕಟೆ.

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ಎಡಗೈ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಅತ್ತೆ ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿಗೆ ಬಂದರು.

"ಕೈ ಕೆಳಗೆ ಹಾಕ್ ವಸಂತ. ಟ್ಯಾಂಕಿಗೆ ಬಿದ್ದರೆ ಎತ್ತಿಕೆ ಇಲ್ಲಿ ಜನ ಇಲ್ಲೆ."

ನಾನು ಕೆಳಗೆ ನೋಡಿದೆ. ಕಿಟಕಿಯಲ್ಲಿ ಅತ್ತೆ ಫೋನು ಹಿಡಿದು, ಎಡಗೈಯನ್ನು ನನ್ನ ಹಾಗೇ ಭತ್ತ ಬಿತ್ತುವವನಂತೆ ಬೀಸುತ್ತಿದ್ದರು. ಅವರ ಹೆಗಲ ಹಿಂದೆ ದಿವ್ಯ. ಕಣದಲ್ಲಿ ಮಾವ ಹಣೆಗೆ ಕೈ ಅಡ್ಡ ಹಿಡಿದು ಟ್ಯಾಂಕನ್ನೇ ನೋಡುತ್ತಿದ್ದರು. ಕಿಟಕಿಯಿಂದ ನೇರ ಕಾಣುವ ಜಾಗದಲ್ಲಿ, ಬೆಳಗಿನ ಬಿಸಿಲಲ್ಲಿ, ಟ್ಯಾಂಕಿನ ಮುಚ್ಚಳದ ಮೇಲೆ ನಾನು ಅರ್ಧ ಗಂಟೆ ಹೊತ್ತು ಎಲ್ಲರಿಗೂ ಕಂಡಿದ್ದೆ. ಅಷ್ಟೂ ಸಾಲದೆಂದು ಅತ್ತೆ ಸೇರಿಸಿದರು: "ಅವರಿಗೆ ಕೊಟ್ಟದ್ ನಿನ್ನ ಮೊಬೈಲ್ ನಂಬರ್ ಅಲ್ಲನ. ಲ್ಯಾಂಡ್‌ಲೈನಿಗೆ ಮಂಜೇಶ್ ಹೆಂಗೆ ಬಾತ್?"

ಹೀಗೆ ಹೇಳಿ ಅವರು ನಗತೊಡಗಿದರು. ಮಾವ ನಕ್ಕರು, ದಿವ್ಯ ನಕ್ಕಳು, ನಾನೂ ನಕ್ಕೆ, ಆದರೆ ಅತ್ತೆಯ ನಗು ನಮ್ಮೆಲ್ಲರ ನಗುವನ್ನು ಮುಚ್ಚಿಹಾಕಿತು. ಆಗಸ್ಟಿನಿಂದ ಕೂಡಿಟ್ಟ ನಗು ಅದು. ಮೊದಲು ನನ್ನ ಕಿವಿಯೊಳಗೆ ಮೊಬೈಲಿನಲ್ಲಿ ಕೇಳಿತು, ಅದರ ಹಿಂದೆಯೇ ತಗ್ಗಿನಿಂದ ಕಣ, ಪಲ್ಪರ್ ಶೆಡ್ಡು ಎಲ್ಲ ದಾಟಿ, ನಡುವೆ ಯಾರೂ ಕೂಗಿ ದಾಟಿಸದೆಯೇ, ಟ್ಯಾಂಕಿನವರೆಗೆ ಹತ್ತಿ ಬಂತು.